ಒಂದು ಅಟ್ಟದ ಕೊಬ್ಬರಿ, ಒಂದು ಜರ್ನಲಿಸಂ ಸೀಟು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಇವತ್ತಿನ ಮಾತು ಒಂದು ವಾಯ್ಸ್ ಮೆಸೇಜಿಂದ ಶುರುವಾಗುತ್ತೆ.

ಜೂನ್ ತಿಂಗಳ ಮೊದಲ ವಾರ ಅದು. ಒಬ್ಬ ಹುಡುಗಿ ಕಳಿಸಿದ್ದಳು. "ಅಣ್ಣಾ, ನಾನು ಹೊನ್ನವಳ್ಳಿ ಕಡೆಯವಳು, ತಿಪಟೂರು ತಾಲ್ಲೂಕು. ಸೆಕೆಂಡ್ ಪಿಯುಸಿ ಆಯ್ತು, ಆರ್ಟ್ಸ್. ನನಗೆ ಜರ್ನಲಿಸಂ ಮಾಡ್ಬೇಕು. ಮೂರು ಕಾಲೇಜಿನ ಬ್ರೋಷರ್ ಇಟ್ಕೊಂಡಿದ್ದೀನಿ. ಮೂರರಲ್ಲೂ ಒಂದೇ ಥರದ ಫೋಟೋ ಅಣ್ಣಾ, ಒಬ್ಬಳು ಹುಡುಗಿ ಮೈಕ್ ಹಿಡ್ಕೊಂಡು ನಗ್ತಿದ್ದಾಳೆ. ಯಾವುದಕ್ಕೆ ಸೇರ್ಲಿ?"

ಎರಡು ನಿಮಿಷದಲ್ಲಿ ಉತ್ತರ ಹೇಳಿ ಮುಗಿಸೋಣ ಅಂದ್ಕೊಂಡೆ. ರೆಕಾರ್ಡ್ ಬಟನ್ ಒತ್ತಿದೆ, ಅಳಿಸಿದೆ. ಮತ್ತೆ ಒತ್ತಿದೆ, ಮತ್ತೆ ಅಳಿಸಿದೆ. ಯಾಕಂದ್ರೆ ಆ ಮೆಸೇಜಿನ ಕೊನೇಲಿ ಇನ್ನೊಂದು ಸಾಲಿತ್ತು. "ಅಪ್ಪ ಅಟ್ಟದ ಮೇಲಿರೋ ಕೊಬ್ಬರಿ ಪೂರ್ತಿ ನನ್ನ ಫೀಸಿಗೆ ಅಂತ ಇಟ್ಟಿದ್ದಾರೆ." ಆ ಸಾಲು ಕೇಳಿದ ಮೇಲೆ ಸುಮ್ಮನೆ ಒಂದು ಕಾಲೇಜಿನ ಹೆಸರು ಹೇಳೋಕೆ ಧೈರ್ಯ ಬರಲಿಲ್ಲ. ಆ ಭಾನುವಾರ ತಿಪಟೂರಿಗೆ ರೈಲು ಹತ್ತಿದೆ. ಅಲ್ಲಿಂದ ಬಸ್ಸಲ್ಲಿ ಹೊನ್ನವಳ್ಳಿ.

ಆ ಕಡೆ ಹೋಗದೇ ಇರೋರಿಗೆ ಒಂದು ಮಾತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಮನೆ ನಡೆಯೋದು ತೆಂಗಿನ ಮೇಲೆ. ಅದರಲ್ಲೂ ಉಂಡೆ ಕೊಬ್ಬರಿ ಮೇಲೆ. ಬಲಿತ ಕಾಯನ್ನ ಕೆಡವಿ, ಸುಲಿಯದೆ ಹಾಗೇ ಅಟ್ಟಕ್ಕೆ ಏರಿಸ್ತಾರೆ. ಹತ್ತು ಹನ್ನೊಂದು ತಿಂಗಳು ಅದು ಅಲ್ಲೇ ಇರುತ್ತೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿಂದ ಬಿಟ್ಕೊಂಡು ಉಂಡೆ ಆಗುತ್ತೆ. ಕಿವಿ ಹತ್ರ ಇಟ್ಟು ಅಲ್ಲಾಡಿಸಿದ್ರೆ ಲೊಟಲೊಟ ಅನ್ನುತ್ತೆ. ಆಮೇಲೆ ಸುಲಿಸಿ, ಒಡೆಸಿ, ಚೀಲಕ್ಕೆ ತುಂಬಿ ತಿಪಟೂರು ಎಪಿಎಂಸಿಗೆ. ಅಂದ್ರೆ ಅಟ್ಟದ ಮೇಲಿರೋದು ಒಂದು ವರ್ಷ ಕಾದ ದುಡ್ಡು.

ಆ ಹುಡುಗಿಯ ಅಪ್ಪ ನನ್ನನ್ನ ಸೀದಾ ಅಟ್ಟದ ಕೆಳಗೆ ಕರ್ಕೊಂಡು ಹೋದ್ರು. "ನೋಡಪ್ಪ, ಇನ್ನೆರಡು ತಿಂಗಳಿಗೆ ಕೊಬ್ಬರಿ ಆಯ್ತದೆ. ಈ ಸರ್ತಿ ರೇಟೈತೆ. ಪೂರ್ತಿ ಇವಳ ಓದಿಗೆ ಇಡ್ತೀನಿ. ಆದ್ರೆ ಸರಿಯಾದ ಕಾಲೇಜು ಯಾವುದು ಅಂತ ನೀನು ಹೇಳ್ಬೇಕು. ಟೀವೀಲಿ ಬರ್ತಾಳಾ ಇವಳು?"

ಮಗಳು ಅಡುಗೆಮನೆ ಬಾಗಿಲಲ್ಲಿ ನಿಂತು, "ಅಪ್ಪಾ, ಟೀವೀಲಿ ಬರೋಕಲ್ಲ ನಾನು ಓದ್ತಿರೋದು" ಅಂದಳು.

ಈ ಸಂಚಿಕೆ ಅವರಿಬ್ಬರಿಗೂ ನಾನು ಕೊಟ್ಟ ಉತ್ತರ. ಇಬ್ಬರ ಒಪ್ಪಿಗೆ ತಗೊಂಡೇ ಇದನ್ನ ನಿಮಗೂ ಹೇಳ್ತಿದ್ದೀನಿ.

ಡಿಗ್ರಿ ಇಲ್ಲದೆ ಆಗಲ್ವಾ?

ಮೊದಲು ನನ್ನ ಬಗ್ಗೆ ಒಂದು ವಿಷಯ ಹೇಳ್ಬಿಡಬೇಕು. ನಾನು ಜರ್ನಲಿಸಂ ಓದಿದವನಲ್ಲ. ಬಿ.ಕಾಂ. ಮಾಡಿದವನು. "ನೀನೇ ಓದಿಲ್ಲ, ನಮಗೇನು ಹೇಳ್ತೀಯ?" ಅಂತ ಕೇಳಿದ್ರೆ ಅದು ನ್ಯಾಯವಾದ ಪ್ರಶ್ನೆ.

ವಕೀಲರಾಗ್ಬೇಕು ಅಂದ್ರೆ ಕಾನೂನು ಪದವಿ ಬೇಕೇ ಬೇಕು. ಡಾಕ್ಟರ್ ಆಗೋಕೂ ಅಷ್ಟೇ. ಪತ್ರಕರ್ತರಾಗೋಕೆ ನಮ್ಮ ದೇಶದಲ್ಲಿ ಅಂಥ ಕಾನೂನಿಲ್ಲ. 2013ರಲ್ಲಿ ಪತ್ರಿಕಾ ಮಂಡಳಿ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರು ಪತ್ರಕರ್ತರಿಗೂ ಕನಿಷ್ಠ ವಿದ್ಯಾರ್ಹತೆ ಬೇಕು ಅಂತ ಹೇಳಿ, ಅದಕ್ಕೊಂದು ಸಮಿತಿ ಮಾಡಿದ್ರು. ದೊಡ್ಡ ಚರ್ಚೆ ಆಯ್ತು. ಕಾನೂನು ಆಗಲಿಲ್ಲ.

ನಮ್ಮ ಕನ್ನಡದಲ್ಲೇ ನೋಡಿ. ಡಿ.ವಿ.ಜಿ. ಮೆಟ್ರಿಕ್ಯುಲೇಷನ್ ಕೂಡ ಪಾಸಾಗಿರಲಿಲ್ಲ. ಪತ್ರಿಕೆ ನಡೆಸಿದ್ರು, ಪತ್ರಿಕಾ ವೃತ್ತಿ ಹೇಗಿರಬೇಕು ಅಂತ ಪುಸ್ತಕವನ್ನೇ ಬರೆದ್ರು. ಪಿ. ಲಂಕೇಶ್ ಇಂಗ್ಲಿಷ್ ಮೇಷ್ಟ್ರಾಗಿದ್ದವರು. 1980ರಲ್ಲಿ ತಮ್ಮದೇ ಪತ್ರಿಕೆ ಶುರು ಮಾಡಿದ್ರು. ಇವರಿಬ್ಬರೂ ಜರ್ನಲಿಸಂ ಕ್ಲಾಸಲ್ಲಿ ಕೂತವರಲ್ಲ.

ಹಂಗಂತ ಕಾಲೇಜು ಬೇಡ ಅಂತ ನಾನು ಹೇಳ್ತಿಲ್ಲ. ಡಿ.ವಿ.ಜಿ. ಹೆಸರು ಹೇಳ್ಕೊಂಡು ಓದು ಬಿಡೋದು ಸುಲಭ, ಡಿ.ವಿ.ಜಿ. ಓದಿದಷ್ಟು ಓದೋದು ಕಷ್ಟ. ಇವತ್ತು ಪತ್ರಿಕೆ, ಚಾನೆಲ್, ವೆಬ್‌ಸೈಟ್‌ಗಳ ಕೆಲಸದ ಜಾಹೀರಾತು ತೆಗೆದು ನೋಡಿ, ಯಾವುದಾದ್ರೂ ಪದವಿ ಇರಲಿ ಅಂತಾನೇ ಇರುತ್ತೆ. ಜರ್ನಲಿಸಂ ಓದಿದವರಿಗೆ ಆದ್ಯತೆ ಅಂತಲೂ ಎಷ್ಟೋ ಕಡೆ ಬರೆದಿರುತ್ತಾರೆ.

ಇನ್ನೊಂದು ಕಾರಣ ನನ್ನ ಅನುಭವದ್ದು. ನನ್ನ ಮೊದಲ ಹತ್ತು ಸಂಚಿಕೆ ಈಗ ಕೇಳಿದ್ರೆ ನಾಚಿಕೆ ಆಗುತ್ತೆ. ಒಬ್ಬರು ಹೇಳಿದ್ದನ್ನ ಇನ್ನೊಬ್ಬರ ಹತ್ರ ಕೇಳಿ ಖಚಿತ ಮಾಡ್ಕೊಳ್ಳದೆ ಹಾಕಿದ್ದೆ. ಒಂದು ಅಂಕಿ ತಪ್ಪು ಹೇಳಿ, ಕೇಳುಗರೊಬ್ಬರು ತೋರಿಸಿದ ಮೇಲೆ ಸಂಚಿಕೆ ತೆಗೆದೆ. ಆ ತಪ್ಪನ್ನ ಸಾವಿರಾರು ಜನರ ಮುಂದೆ ಮಾಡಿದೆ. ಕ್ಲಾಸಲ್ಲಿ ಮಾಡಿದ್ರೆ ಒಬ್ಬ ಮೇಷ್ಟ್ರ ಮುಂದೆ ಮಾತ್ರ ಮಾಡ್ತಿದ್ದೆ. ಕಾಲೇಜು ಅಂದ್ರೆ ಅದೇ, ಊರಿಗೆ ಹಾನಿ ಆಗದ ಹಾಗೆ ತಪ್ಪು ಮಾಡಿ ತಿದ್ದಿಕೊಳ್ಳೋ ಜಾಗ.

ದಾರಿ ಮೂರು

ಈಗ ಆ ಮೂರು ಬ್ರೋಷರ್ ಪಕ್ಕಕ್ಕಿಡೋಣ. ಕಾಲೇಜು ಯಾವುದು ಅನ್ನೋಕೆ ಮುಂಚೆ ದಾರಿ ಯಾವುದು ಅಂತ ಗೊತ್ತಾಗ್ಬೇಕು. ಕರ್ನಾಟಕದಲ್ಲಿ ಮುಖ್ಯವಾಗಿ ಮೂರು ದಾರಿ.

ಒಂದನೇ ದಾರಿ, ಪಿಯುಸಿ ಆದ ತಕ್ಷಣ ಬಿ.ಎ. ಅದರಲ್ಲಿ ಪತ್ರಿಕೋದ್ಯಮ ಒಂದು ವಿಷಯ, ಜೊತೆಗೆ ಇತಿಹಾಸವೋ, ರಾಜ್ಯಶಾಸ್ತ್ರವೋ, ಅರ್ಥಶಾಸ್ತ್ರವೋ, ಇಂಗ್ಲಿಷೋ, ಐಚ್ಛಿಕ ಕನ್ನಡವೋ. ಇದು ನಮ್ಮ ರಾಜ್ಯದಲ್ಲಿ ಹೊಸದೇನಲ್ಲ. ಮೈಸೂರಿನ ಮಹಾರಾಜ ಕಾಲೇಜಲ್ಲಿ 1951ರಲ್ಲೇ ಪತ್ರಿಕೋದ್ಯಮ ಪಾಠ ಶುರುವಾಯ್ತು. ಅದನ್ನ ಕಟ್ಟಿದವರು ನಾಡಿಗ ಕೃಷ್ಣಮೂರ್ತಿ. ಕರಾವಳಿ ಕಡೆ ಉಜಿರೆಯ ಎಸ್‌ಡಿಎಂ, ಮೂಡುಬಿದಿರೆಯ ಆಳ್ವಾಸ್ ಕಾಲೇಜುಗಳ ಹೆಸರು ನೀವು ಕೇಳಿರಬಹುದು. ಇನ್ನೊಂದು ವಿಷಯ, 2024-25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದೇ ಆಗಿದೆ. ನಾಲ್ಕು ವರ್ಷ ಅಂತ ಲೆಕ್ಕ ಹಾಕಿ ಹೆದರಿದ್ದೋರು ಆ ಲೆಕ್ಕ ತಿದ್ದಿಕೊಳ್ಳಿ. ಸರ್ಕಾರಿ ವಿಶ್ವವಿದ್ಯಾಲಯಗಳ ಅಡಿ ಬರೋ ಕಾಲೇಜಾದ್ರೆ ಅರ್ಜಿ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ.

ಎರಡನೇ ದಾರಿ, ಯಾವುದಾದ್ರೂ ಪದವಿ ಮಾಡಿ, ಆಮೇಲೆ ಎಂ.ಎ. ಪತ್ರಿಕೋದ್ಯಮ. ನಮ್ಮ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಯಾವ ಪದವಿಯವರೂ ಅರ್ಜಿ ಹಾಕಬಹುದು, ಕನಿಷ್ಠ ಅಂಕ ಇದ್ರೆ ಸಾಕು. ಮೈಸೂರು, ಬೆಂಗಳೂರು, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಇಲ್ಲೆಲ್ಲ ಪತ್ರಿಕೋದ್ಯಮ ವಿಭಾಗ ಇದೆ. ಹೊನ್ನವಳ್ಳಿಯವರಿಗೆ ಹತ್ತಿರ ಅಂದ್ರೆ 2004ರಲ್ಲಿ ಶುರುವಾದ ತುಮಕೂರು ವಿಶ್ವವಿದ್ಯಾಲಯ. ಅಲ್ಲೂ ಈ ವಿಭಾಗ ಇದೆ.

ಮೂರನೇ ದಾರಿ, ಪದವಿ ಆದ ಮೇಲೆ ಪಿ.ಜಿ. ಡಿಪ್ಲೊಮಾ. ದಿಲ್ಲಿಯ ಐಐಎಂಸಿ 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಚೆನ್ನೈನ ಏಷಿಯನ್ ಕಾಲೇಜ್ ಆಫ್ ಜರ್ನಲಿಸಂ ಇದೆ. ಅದು ಮೊದಲು ಹುಟ್ಟಿದ್ದು 1994ರಲ್ಲಿ ಬೆಂಗಳೂರಲ್ಲಿ, 2000ದಲ್ಲಿ ಚೆನ್ನೈಗೆ ಹೋಯ್ತು. ಬೆಂಗಳೂರಲ್ಲಿ ಐಐಜೆಎನ್ಎಂ ಇದೆ. ಚೆನ್ನೈ, ಬೆಂಗಳೂರಿನ ಈ ಎರಡು ಖಾಸಗಿ ಸಂಸ್ಥೆಗಳಲ್ಲಿ ಫೀಸು ಲಕ್ಷಗಳಲ್ಲಿ, ಪಾಠ ಇಂಗ್ಲಿಷಲ್ಲಿ. ಐಐಎಂಸಿಯಲ್ಲಿ ಉರ್ದು, ಒಡಿಯಾ, ಮರಾಠಿ, ಮಲಯಾಳಂ ಪತ್ರಿಕೋದ್ಯಮಕ್ಕೆ ಬೇರೆ ಬೇರೆ ಕೋರ್ಸ್ ಇದೆ. ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ಕನ್ನಡದಲ್ಲಿ ವರದಿ ಮಾಡ್ಬೇಕು ಅಂತಿರೋರು ಇದನ್ನ ಮನಸ್ಸಲ್ಲಿಟ್ಕೊಳ್ಳಿ.

ಇಲ್ಲೊಂದು ಎಚ್ಚರಿಕೆ. ಡಿಪ್ಲೊಮಾ ಬೇರೆ, ಡಿಗ್ರಿ ಬೇರೆ. ನಾಳೆ ಕಾಲೇಜಲ್ಲಿ ಪಾಠ ಮಾಡ್ಬೇಕು ಅನ್ನಿಸಿದ್ರೆ ಯುಜಿಸಿ ನೆಟ್ ಅಥವಾ ಕೆ-ಸೆಟ್ ಬರೆಯಬೇಕಾಗುತ್ತೆ, ಅದಕ್ಕೆ ಸ್ನಾತಕೋತ್ತರ ಪದವಿ ಬೇಕು. "ಆರು ತಿಂಗಳಲ್ಲಿ ಆಂಕರ್ ಆಗಿ" ಅನ್ನೋ ಸರ್ಟಿಫಿಕೇಟ್ ಕೋರ್ಸ್ ಹಿಡ್ಕೊಂಡು ಅಲ್ಲಿಗೆ ಹೋಗೋಕಾಗಲ್ಲ. ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ, ಆ ವಿಶ್ವವಿದ್ಯಾಲಯ ಯುಜಿಸಿ ಪಟ್ಟಿಯಲ್ಲಿ ಇದೆಯಾ ಅಂತ ಯುಜಿಸಿ ವೆಬ್‌ಸೈಟಲ್ಲೇ ನೋಡ್ಬಹುದು. ಐದು ನಿಮಿಷದ ಕೆಲಸ.

ಕೊಬ್ಬರಿ ಲೆಕ್ಕ

ಇಲ್ಲಿಂದ ನನ್ನ ಬಿ.ಕಾಂ. ಸ್ವಲ್ಪ ಉಪಯೋಗಕ್ಕೆ ಬಂತು.

ಆ ಮೂರು ಬ್ರೋಷರಲ್ಲಿ ಒಂದು ಬೆಂಗಳೂರಿನ ಖಾಸಗಿ ಕಾಲೇಜಿಂದು. ಫೀಸು, ಹಾಸ್ಟೆಲು, ಊಟ ಎಲ್ಲ ಸೇರಿ ಮೂರು ವರ್ಷಕ್ಕೆ ಸುಮಾರು ಐದು ಲಕ್ಷ ಆಗ್ತಿತ್ತು. ಅಪ್ಪ "ಆಗ್ಲಿ" ಅಂದ್ರು. ನಾನು ಒಂದು ಹಾಳೆ ತಗೊಂಡೆ.

ಉಂಡೆ ಕೊಬ್ಬರಿಗೆ 2025ರ ಹಂಗಾಮಿಗೆ ಕೇಂದ್ರ ಕೊಟ್ಟ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ಮಾರ್ಕೆಟ್ ರೇಟು 2025ರಲ್ಲಿ ಅದಕ್ಕಿಂತ ಎಷ್ಟೋ ಮೇಲಿತ್ತು, ಅದಕ್ಕೇ ಅಪ್ಪನಿಗೆ ಧೈರ್ಯ. 20,000 ಅಂತ ಇಟ್ಕೊಂಡ್ರೆ ಐದು ಲಕ್ಷಕ್ಕೆ 25 ಕ್ವಿಂಟಾಲ್ ಸಾಕು. ಆದ್ರೆ ಬಹಳ ಹಿಂದೆ ಹೋಗೋದು ಬೇಡ, 2024ರ ಶುರು ನೆನಪಿಸ್ಕೊಳ್ಳಿ. ರೇಟು ಬೆಂಬಲ ಬೆಲೆಗಿಂತ ಕೆಳಗೆ, ಹತ್ತು ಸಾವಿರಕ್ಕೂ ಕೆಳಗೆ ಬಿದ್ದಿತ್ತು. ನಾಫೆಡ್ ಖರೀದಿಗೆ ಹೆಸರು ಬರೆಸೋಕೆ ರೈತರು ಸಾಲು ನಿಂತಿದ್ರು. 9,000ದ ಲೆಕ್ಕ ಹಾಕಿದ್ರೆ ಅದೇ ಐದು ಲಕ್ಷಕ್ಕೆ 55 ಕ್ವಿಂಟಾಲ್ ಮೇಲೆ ಬೇಕು. ತೋಟ ಅದೇ, ಮರ ಅಷ್ಟೇ.

ಕಾಲೇಜು ಫೀಸು ಮೂರು ವರ್ಷಕ್ಕೂ ಗೊತ್ತಿರುತ್ತೆ. ಕೊಬ್ಬರಿ ರೇಟು ಮುಂದಿನ ತಿಂಗಳಿಗೂ ಗೊತ್ತಿರಲ್ಲ. ಈ ವರ್ಷದ ಅಟ್ಟ ಒಂದನೇ ವರ್ಷ ದಾಟಿಸಬಹುದು. ಎರಡನೇ ವರ್ಷ ರೇಟು ಬಿದ್ರೆ ಸಾಲ.

ಸರಿ, ಸಾಲದ ಲೆಕ್ಕವೂ ಹಾಕೋಣ. ಐದು ಲಕ್ಷ ಸಾಲ, ಶೇ 10 ಬಡ್ಡಿ, ಏಳು ವರ್ಷಕ್ಕೆ ತೀರಿಸಬೇಕು ಅಂದ್ರೆ ತಿಂಗಳ ಕಂತು ಸುಮಾರು 8,300 ರೂಪಾಯಿ. ಮೊದಲ ಕೆಲಸದಲ್ಲಿ ತಿಂಗಳಿಗೆ 20,000 ಬಂತು ಅಂತ ಮಾತಿಗೆ ಇಟ್ಕೊಳ್ಳಿ. ಕಂತು ಕಟ್ಟಿದ ಮೇಲೆ ಉಳಿಯೋದು 11,700. ಅದರಲ್ಲಿ ಬೆಂಗಳೂರಿನ ಪಿ.ಜಿ. ಬಾಡಿಗೆ, ಊಟ, ಬಸ್ಸು.

ಸಾಲ ಮಾಡಬಾರದು ಅಂತಲ್ಲ. ಇಂಜಿನಿಯರಿಂಗಿಗೆ ಮಾಡ್ತೀವಿ, ಇದಕ್ಯಾಕಿಲ್ಲ? ಆದ್ರೆ ಈ ವೃತ್ತಿಯಲ್ಲಿ ಸಾಲಕ್ಕೆ ಇನ್ನೊಂದು ಮುಖ ಇದೆ. ತಲೆ ಮೇಲೆ ಕಂತು ಇರೋ ವರದಿಗಾರ್ತಿಗೆ "ಈ ಸುದ್ದಿ ಹಾಕಬೇಡ" ಅಂತ ಮೇಲಿನವರು ಅಂದ್ರೆ, "ಹಾಕ್ತೀನಿ, ಇಲ್ಲಾಂದ್ರೆ ಬಿಡ್ತೀನಿ" ಅನ್ನೋ ಧೈರ್ಯ ಬರೋದು ಕಷ್ಟ. ಸಾಲ ಇಲ್ಲದೆ ಕೆಲಸ ಶುರು ಮಾಡೋದು ಪತ್ರಕರ್ತರಿಗೆ ಒಂದು ಅರ್ಹತೆ ಇದ್ದಂಗೆ.

ಫೀಸು ಕಡಿಮೆ ಮಾಡೋ ದಾರಿಗಳೂ ಇವೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಎಸ್‌ಎಸ್‌ಪಿ ಪೋರ್ಟಲ್ ಮೂಲಕ ಸಿಗುತ್ತೆ. ಇಲಾಖೆಗಳ ಸರ್ಕಾರಿ ಹಾಸ್ಟೆಲ್‌ಗಳಿವೆ. ಜಾತಿ, ಆದಾಯ ಪ್ರಮಾಣಪತ್ರ ಅಡ್ಮಿಷನ್ ಮುಂಚೇನೇ ಮಾಡಿಸಿಟ್ಕೊಳ್ಳಿ. ಪತ್ರಿಕೋದ್ಯಮ ಮುಗಿಸಿದ ಪರಿಶಿಷ್ಟ ಜಾತಿ, ಪಂಗಡದವರಿಗೆ ವಾರ್ತಾ ಇಲಾಖೆ ತರಬೇತಿ ಕಾರ್ಯಕ್ರಮ ನಡೆಸುತ್ತೆ. ಪ್ರಕಟಣೆ ಬಂದಾಗ ಅರ್ಜಿ ಹಾಕಿ.

"ಯಾವ ರೈತರಲ್ಲಿ ಸಂತಸ?"

ಹೊರಡೋ ಮುಂಚೆ ಆ ಹುಡುಗಿಗೆ ಒಂದು ಕೆಲಸ ಕೊಟ್ಟೆ. "ನಿಮ್ಮೂರಿನ ಯಾವುದಾದ್ರೂ ಒಂದು ವಿಷಯದ ಮೇಲೆ 300 ಪದ ಬರೆದು ಕಳಿಸು. ಇವತ್ತೇ ಆಗ್ಬೇಕು ಅಂತಿಲ್ಲ." ಅವಳು ನಾನು ಮಧ್ಯಾಹ್ನ ಊಟ ಮಾಡೋಷ್ಟರಲ್ಲಿ ಬರೆದುಬಿಟ್ಟಳು. ತಲೆಬರಹ: "ಕೊಬ್ಬರಿ ಬೆಲೆ ಏರಿಕೆ: ರೈತರಲ್ಲಿ ಸಂತಸ".

ಭಾಷೆ ಚೆನ್ನಾಗಿತ್ತು. ಪೇಪರಲ್ಲಿ ಬರೋ ಹಾಗೇ ಇತ್ತು. ನಾನು "ಪರವಾಗಿಲ್ವೇ" ಅಂದೆ. ಅವಳು ಅಪ್ಪನಿಗೆ ಓದಿ ಹೇಳಿದಳು. ಅಪ್ಪ ಮುದ್ದೆ ಮುರಿಯೋದು ನಿಲ್ಲಿಸಿ ಕೇಳಿದ್ರು: "ಯಾವ ರೈತರಲ್ಲಿ ಸಂತಸ ಕಣವ್ವ?"

ನಮ್ಮಿಬ್ಬರಿಗೂ ಅರ್ಥ ಆಗಲಿಲ್ಲ.

"ಅಲ್ಲ, ರೇಟು ಏರೋ ಹೊತ್ಗೆ ನಮ್ಮೂರಲ್ಲಿ ಅರ್ಧ ಜನ ಕಾಯಿನೇ ಮಾರ್ಬುಟ್ಟಿದ್ರು. ಎಳನೀರಿಗೆ ರೇಟು ಬಂತು ಅಂತ ಎಷ್ಟೋ ಜನ ಎಳನೀರೇ ಕೆಡವಿ ಕೊಟ್ರು. ಅವರ ಅಟ್ಟದಾಗೆ ಏನೈತೆ? ಇಳುವರಿನೇ ಇಲ್ಲ, ಅದಕ್ಕೇ ರೇಟು ಬಂದಿರೋದು. ಅಟ್ಟದಾಗೆ ಕಾಯಿ ಇಟ್ಕೊಂಡಿದ್ದೋನಿಗೆ ಸಂತಸ. ಸಾಲಗಾರ ಬಂದು ಕೂತ್ಕೊಂಡ ಅಂತ ಹೋದ ವರ್ಷವೇ ಮಾರಿದೋನಿಗೆ ಎಲ್ಲಿಂದ ಬಂತು ಸಂತಸ?"

ಅವಳು ಹಾಳೆ ಮಡಚಿಟ್ಟಳು. ಸಂಜೆವರೆಗೂ ಐದು ಮನೆಗೆ ಹೋಗಿ ಬಂದಳು. ಎರಡು ಮನೆಯ ಅಟ್ಟದಲ್ಲಿ ಕಾಯಿ ಇತ್ತು, ಮೂರು ಮನೆಯಲ್ಲಿ ಇರಲಿಲ್ಲ. ಖಾಲಿ ಅಟ್ಟದ ಒಂದು ಮನೆಯಲ್ಲಿ ಒಬ್ಬ ಅಜ್ಜಿ, "ರೇಟು ಕೇಳಿದ್ರೆ ಹೊಟ್ಟೆ ಉರೀತದೆ, ಟೀವಿ ಆರಿಸ್ಬಿಡು ಅಂತೀನಿ ಮೊಮ್ಮಗಂಗೆ" ಅಂದಿದ್ರಂತೆ. ಎರಡನೇ ಸಲ ಬರೆದಾಗ ತಲೆಬರಹವೇ ಬೇರೆ ಆಯ್ತು: "ರೇಟು ಬಂತು, ಅಟ್ಟ ಖಾಲಿ".

ಅವಳ ಮೊದಲ ಬರಹದಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದ್ರೆ ಅದು ಸುದ್ದಿ ಆಗಿರಲಿಲ್ಲ. ಸುದ್ದಿ ಆಗಿದ್ದು ಒಬ್ಬರು ಅಡ್ಡ ನಿಂತು ಕೇಳಿದ ಮೇಲೆ, ಅವಳು ಎದ್ದು ಹೋಗಿ ಐದು ಬಾಗಿಲು ಬಡಿದ ಮೇಲೆ. ನಾನು "ಪರವಾಗಿಲ್ವೇ" ಅಂದಿದ್ದೆ ನೋಡಿ, ಅಲ್ಲಿಗೇ ನಿಂತಿದ್ರೆ ಅವಳು ಏನೂ ಕಲೀತಿರಲಿಲ್ಲ.

ಯಾವ ಕಾಲೇಜು ಅನ್ನೋ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಅಲ್ಲೇ. ಯಾವ ಕಾಲೇಜಲ್ಲಿ ನೀವು ಬರೆದದ್ದನ್ನ ಒಬ್ಬರು ಪೂರ್ತಿ ಓದಿ, "ಯಾವ ರೈತರಲ್ಲಿ?" ಅಂತ ಕೇಳ್ತಾರೋ, ಕೇಳಿ ವಾಪಸ್ ಕಳಿಸ್ತಾರೋ, ಅದಕ್ಕೆ ಸೇರಿ. ಸ್ಟುಡಿಯೋ, ಕ್ಯಾಮೆರಾ, ಎಸಿ ಕ್ಲಾಸು ಎಲ್ಲ ಆಮೇಲೆ.

ಹೋಗಿ ಕೇಳಬೇಕಾದ ಪ್ರಶ್ನೆಗಳು

ಅಂಥವರು ಇದ್ದಾರೋ ಇಲ್ವೋ ಅಂತ ಬ್ರೋಷರ್ ಹೇಳಲ್ಲ. ಕಾಲೇಜಿಗೆ ಹೋಗಿ ಕೇಳ್ಬೇಕು. ಅಪ್ಪನೋ ಅಮ್ಮನೋ ಜೊತೆಗಿರಲಿ. ಆಫೀಸಲ್ಲಿ ಕೂತು ಫೀಸು ಕೇಳಿ ಬರಬೇಡಿ, ವಿಭಾಗದ ತನಕ ಹೋಗಿ.

ಮೊದಲನೇದು, "ಇಲ್ಲಿನ ವಿದ್ಯಾರ್ಥಿಗಳು ತರೋ ಪತ್ರಿಕೆ ಇದೆಯಾ? ಕಳೆದ ವರ್ಷದ ಸಂಚಿಕೆ ತೋರಿಸ್ತೀರಾ?" ಬಹಳಷ್ಟು ಪತ್ರಿಕೋದ್ಯಮ ವಿಭಾಗಗಳಲ್ಲಿ ಪ್ರಾಯೋಗಿಕ ಪತ್ರಿಕೆ ಇರುತ್ತೆ. ಅದನ್ನ ಕೈಗೆ ತಗೊಂಡು ಓದಿ. ಪ್ರಿನ್ಸಿಪಾಲರ ಸಂದೇಶ, ವಾರ್ಷಿಕೋತ್ಸವದ ಫೋಟೋ, ಗಣ್ಯರ ಭಾಷಣ ಇಷ್ಟೇ ಇದ್ರೆ ಅದು ಕಾಲೇಜಿನ ಪ್ರಚಾರ ಪತ್ರ. ಊರಿನ ಚರಂಡಿ, ಆಸ್ಪತ್ರೆ, ಸಂತೆ, ಬಸ್ ಸ್ಟ್ಯಾಂಡ್ ಬಗ್ಗೆ ಮಕ್ಕಳು ಓಡಾಡಿ ಬರೆದಿದ್ರೆ ಅಲ್ಲಿ ಏನೋ ನಡೀತಿದೆ ಅಂತ ಅರ್ಥ.

ಎರಡನೇದು, "ಪಾಠ ಮಾಡೋರು ಎಷ್ಟು ಜನ? ಕಾಯಂ ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು? ಸುದ್ದಿಮನೆಯಲ್ಲಿ ಕೆಲಸ ಮಾಡಿದವರು ಯಾರಾದ್ರೂ ಇದ್ದಾರಾ?" ಅತಿಥಿ ಉಪನ್ಯಾಸಕರು ಅಂದ್ರೆ ಕಡಿಮೆ ಅಂತಲ್ಲ, ಎಷ್ಟೋ ಕಡೆ ವಿಭಾಗ ನಡೆಸ್ತಿರೋದೇ ಅವರು. ಆದ್ರೆ ಜನವರಿ ತನಕ ಮೇಷ್ಟ್ರೇ ಬಂದಿಲ್ಲ ಅನ್ನೋ ಸ್ಥಿತಿ ಇದೆಯಾ ಅಂತ ತಿಳ್ಕೊಳ್ಳಿ.

ಮೂರನೇದು, ಮೇಷ್ಟ್ರಿಗಲ್ಲ, ಎರಡನೇ ವರ್ಷದ ಒಬ್ಬ ವಿದ್ಯಾರ್ಥಿಗೆ ಕೇಳೋದು. "ನಿನ್ನ ಬರಹವನ್ನ ಕೊನೇ ಸಲ ಯಾರು ತಿದ್ದಿದ್ರು? ಏನು ತಿದ್ದಿದ್ರು?" ತಕ್ಷಣ ನೆನಪಾಗಿ ಹೇಳಿದ್ರೆ ಸರಿಯಾದ ಜಾಗ. "ತಿದ್ದೋದಾ? ಅಸೈನ್‌ಮೆಂಟ್‌ಗೆ ಮಾರ್ಕ್ಸ್ ಹಾಕ್ತಾರೆ" ಅಂದ್ರೆ ಯೋಚನೆ ಮಾಡಿ.

ನಾಲ್ಕನೇದು, ಪ್ಲೇಸ್‌ಮೆಂಟ್. "ನೂರಕ್ಕೆ ನೂರು ಪ್ಲೇಸ್‌ಮೆಂಟ್" ಅನ್ನೋ ಮಾತನ್ನ ಹಾಗೇ ನುಂಗಬೇಡಿ. ಕಳೆದ ವರ್ಷ ಮುಗಿಸಿದ ಮೂವರ ನಂಬರ್ ಕೇಳಿ. ಅವರಿಗೆ ಫೋನ್ ಮಾಡಿ ಎಲ್ಲಿದ್ದೀರಿ, ಸಂಬಳ ಎಷ್ಟು, ಟೈಮಿಗೆ ಬರುತ್ತಾ, ಇಂಟರ್ನ್‌ಶಿಪ್ ಯಾರು ಕೊಡಿಸಿದ್ರು ಅಂತ ಕೇಳಿ. ಇದೇ ನಿಮ್ಮ ಮೊದಲ ವರದಿಗಾರಿಕೆ ಅಂದ್ಕೊಳ್ಳಿ. ಕಾಲೇಜಿನ ಬಗ್ಗೆ ಮೂರು ಕಡೆ ವಿಚಾರಿಸೋಕೆ ಸಂಕೋಚ ಆಗುತ್ತೆ ಅಂದ್ರೆ ನಾಳೆ ಕಚೇರಿಗಳಲ್ಲಿ ಹೆಂಗೆ ಕೇಳ್ತೀರಿ?

ಐದನೇದು, ಜೊತೆಗಿನ ವಿಷಯ. ಪತ್ರಿಕೋದ್ಯಮದ ಜೊತೆ ಯಾವ ಕಾಂಬಿನೇಷನ್ ಕೊಡ್ತಾರೆ? ಇದು ವರ್ಷದಿಂದ ವರ್ಷಕ್ಕೆ ಬದಲಾಗುತ್ತೆ, ಈ ವರ್ಷದ ಪಟ್ಟಿಯನ್ನೇ ನೋಡಿ. ಹೇಗೆ ಬರೆಯೋದು ಅಂತ ಜರ್ನಲಿಸಂ ಹೇಳ್ಕೊಡುತ್ತೆ. ಏನು ಬರೆಯೋದು ಅನ್ನೋದು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರದಿಂದ ಬರುತ್ತೆ. ಬೆಂಬಲ ಬೆಲೆ ಹೇಗೆ ನಿಗದಿ ಆಗುತ್ತೆ, ಟೆಂಡರ್ ಹೇಗೆ ನಡೆಯುತ್ತೆ ಅಂತ ಗೊತ್ತಿಲ್ಲದೆ ಕೊಬ್ಬರಿ ಬಗ್ಗೆ ಬರೆದ್ರೆ ಮತ್ತೆ "ರೈತರಲ್ಲಿ ಸಂತಸ" ಅಂತಾನೇ ಬರೀತೀರಿ. ಅದಕ್ಕೇ ಬಿ.ಕಾಂ., ಬಿ.ಎಸ್‌ಸಿ. ಮಾಡ್ತಿರೋರು ಬೇಜಾರು ಮಾಡ್ಕೋಬೇಡಿ. ನಿಮ್ಮ ವಿಷಯ ಚೆನ್ನಾಗಿ ಓದಿ, ಎರಡನೇ ದಾರಿ ನಿಮಗೆ ತೆರೆದೇ ಇದೆ.

ಊರು, ಬಸ್ಸು, ಭಾಷೆ

ಅಮ್ಮನ ಪ್ರಶ್ನೆ ಬೇರೆ ಇತ್ತು. "ಅಷ್ಟು ದೂರ ಹೆಣ್ಣುಮಗು ಒಂದೇ ಹೆಂಗಿರ್ತದೆ?"

ಇದನ್ನ ಹಳೇ ಕಾಲದ ಮಾತು ಅಂತ ತಳ್ಳಿಹಾಕೋಕೆ ನನಗೆ ಮನಸ್ಸಾಗಲಿಲ್ಲ. ಹಾಸ್ಟೆಲ್ ಎಷ್ಟು ಗಂಟೆಗೆ ಬಾಗಿಲು ಹಾಕುತ್ತೆ ಅನ್ನೋದು ಜರ್ನಲಿಸಂ ವಿದ್ಯಾರ್ಥಿನಿಗೆ ಓದಿನ ಪ್ರಶ್ನೆನೇ. ಸಂಜೆ ಆರಕ್ಕೆ ಬಾಗಿಲು ಹಾಕಿದ್ರೆ ಸಭೆ, ಪ್ರತಿಭಟನೆ, ನಾಟಕ ಯಾವುದಕ್ಕೂ ಹೋಗಿ ವರದಿ ಮಾಡೋಕಾಗಲ್ಲ. ಅದನ್ನೂ ಮುಂಚೇನೇ ಕೇಳಿ.

ತಿಪಟೂರಿಂದ ತುಮಕೂರು ಎಪ್ಪತ್ತು ಚಿಲ್ಲರೆ ಕಿಲೋಮೀಟರ್. ರೈಲಿದೆ, ಬಸ್ಸಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರೋದ್ರಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಖರ್ಚಿಲ್ಲ. ಆದ್ರೆ ಹೊನ್ನವಳ್ಳಿಯಿಂದ ದಿನಾ ಓಡಾಡಿದ್ರೆ ದಿನಕ್ಕೆ ನಾಲ್ಕೈದು ಗಂಟೆ ರಸ್ತೆಯಲ್ಲೇ ಹೋಗುತ್ತೆ. ದುಡ್ಡು ಉಳೀತು ಅಂತ ಸಮಯ ಕಳ್ಕೊಳ್ಳಬಾರದು. ವಾರವಿಡೀ ಅಲ್ಲಿದ್ದು ಶನಿವಾರ ಊರಿಗೆ ಬರೋದು ಒಳ್ಳೇದು.

ಜಿಲ್ಲಾ ಕೇಂದ್ರದಲ್ಲಿ ಓದೋದು ಕಡಿಮೆ ಅಂತ ಅಂದ್ಕೋಬೇಡಿ. ತುಮಕೂರಲ್ಲಿ ಪ್ರಜಾಪ್ರಗತಿಯಂಥ ಜಿಲ್ಲೆಯ ದಿನಪತ್ರಿಕೆ ಇದೆ, ರೇಡಿಯೋ ಸಿದ್ಧಾರ್ಥ ಅನ್ನೋ ಸಮುದಾಯ ಬಾನುಲಿ ಇದೆ. ದೊಡ್ಡ ಪತ್ರಿಕೆಗಳ ಜಿಲ್ಲಾ ವರದಿಗಾರರು ಅಲ್ಲಿದ್ದಾರೆ. ಬೆಂಗಳೂರಿನ ಚಾನೆಲಲ್ಲಿ ಇಂಟರ್ನ್ ಆಗಿ ಮೂರು ವಾರ ಬೇರೆಯವರ ಬೈಟ್ ಟೈಪ್ ಮಾಡೋದಕ್ಕಿಂತ, ಜಿಲ್ಲಾ ಪಂಚಾಯಿತಿ ಸಭೆಯಲ್ಲಿ ಹಿಂದಿನ ಸಾಲಲ್ಲಿ ಕೂತು ನೋಟ್ಸ್ ಮಾಡ್ಕೊಂಡ್ರೆ ಹೆಚ್ಚು ಕಲೀಬಹುದು.

ಭಾಷೆ ವಿಷಯ. "ಇಂಗ್ಲಿಷ್ ಬರಲ್ಲ, ಜರ್ನಲಿಸಂ ಮಾಡ್ಬಹುದಾ?" ಅಂತ ಎಷ್ಟೋ ಜನ ಕೇಳ್ತಾರೆ. ಮಾಡ್ಬಹುದು. ಆದ್ರೆ ಸರ್ಕಾರದ ವರದಿ, ಕೋರ್ಟಿನ ತೀರ್ಪು, ಕಂಪನಿಯ ಲೆಕ್ಕ ಇಂಗ್ಲಿಷಲ್ಲಿ ಇರೋದೇ ಹೆಚ್ಚು. ಮಾತಾಡೋಕೆ ಬರದಿದ್ರೂ ಓದಿ ಅರ್ಥ ಮಾಡ್ಕೊಳ್ಳೋಷ್ಟು ಕಲೀಲೇಬೇಕು. ಮೂರು ವರ್ಷ ಸಾಕು ಅದಕ್ಕೆ. ಹಾಗೇ, ಗ್ರಾಮೀಣ ವರದಿ ಹೇಗಿರುತ್ತೆ ಅಂತ ನೋಡ್ಬೇಕಾದ್ರೆ ಪಿ. ಸಾಯಿನಾಥ್ 2014ರಲ್ಲಿ ಶುರು ಮಾಡಿದ 'ಪರಿ' ವೆಬ್‌ಸೈಟ್ ಇದೆ. ಕನ್ನಡದಲ್ಲೂ ಓದಬಹುದು, ದುಡ್ಡಿಲ್ಲ.

ಕೊನೆಗೆ ಏನಾಯ್ತು

ನಾನು ಅವರಿಗೆ ಹೇಳಿದ್ದು ಇಷ್ಟು. ಈಗ ಬಿ.ಎ. ತುಮಕೂರು ಕಡೆಯೇ ಮಾಡಲಿ. ಪತ್ರಿಕೋದ್ಯಮ ಇರೋ ಕಾಂಬಿನೇಷನ್ ಸಿಕ್ಕಿದ್ರೆ ಅದು, ಸಿಗ್ಲಿಲ್ಲ ಅಂದ್ರೆ ಅರ್ಥಶಾಸ್ತ್ರ ಇರೋದು. ಮೂರು ವರ್ಷ ತಿಂಗಳಿಗೊಂದು ವರದಿ, ತಪ್ಪಿಸೋ ಹಾಗಿಲ್ಲ. ಅಟ್ಟದ ದುಡ್ಡಲ್ಲಿ ಈ ವರ್ಷದ ಫೀಸು ಕಳೆದು ಉಳಿದದ್ದನ್ನ ಅವಳ ಹೆಸರಲ್ಲಿ ಬ್ಯಾಂಕಲ್ಲಿಡಿ. ಆಮೇಲೆ ಎಂ.ಎ.ಗೆ ಮೈಸೂರೋ, ಮಂಗಳೂರೋ, ಚೆನ್ನೈನ ಡಿಪ್ಲೊಮಾನೋ, ಅವಳೇ ತೀರ್ಮಾನ ಮಾಡ್ತಾಳೆ. ಆಗ ಅವಳ ಕೈಯಲ್ಲಿ ಮೂವತ್ತಾರು ವರದಿ ಇರುತ್ತೆ, ಬ್ರೋಷರ್ ನೋಡಿ ಸೇರೋ ಸ್ಥಿತಿ ಇರಲ್ಲ.

ಅಪ್ಪನಿಗೆ ಇದು ಪೂರ್ತಿ ಇಷ್ಟ ಆಗಲಿಲ್ಲ. "ಬೆಂಗಳೂರಿಗೆ ಕಳಿಸಿದ್ರೆ ಒಂದ್ ತೂಕ ಇರ್ತಿತ್ತು" ಅಂದ್ರು. ಊರಲ್ಲಿ ಹೇಳ್ಕೊಳ್ಳೋಕೆ ಅಂತ. ನನಗೆ ಅರ್ಥ ಆಯ್ತು. ಒಂದು ವರ್ಷ ಕಾದ ಕಾಯಿ ಅದು, ಅದಕ್ಕೆ ತಕ್ಕ ಹೆಸರು ಬೇಕು ಅನ್ನೋದು ತಪ್ಪಲ್ಲ. ನಾನು ಹೇಳಿದ್ದೇ ಸರಿ ಅಂತಲೂ ಇಲ್ಲ.

ಮೊನ್ನೆ ಅವಳ ಮೆಸೇಜ್ ಬಂತು. ತುಮಕೂರಿಗೆ ಅಪ್ಪನ ಜೊತೆ ಹೋಗಿ ಎರಡು ಕಾಲೇಜು ನೋಡಿ ಬಂದಿದ್ದಾಳೆ. ಐದೂ ಪ್ರಶ್ನೆ ಕೇಳಿದ್ದಾಳೆ. ಒಂದು ಕಡೆ ವಿದ್ಯಾರ್ಥಿಗಳ ಪತ್ರಿಕೆ ತೋರಿಸಿದ್ರಂತೆ, ಇನ್ನೊಂದು ಕಡೆ "ಮುದ್ರಣಕ್ಕೆ ಹೋಗಿದೆ" ಅಂದ್ರಂತೆ. "ಯಾವ ವರ್ಷದ್ದು ಹೋಗಿರೋದು ಸಾರ್?" ಅಂತ ಕೇಳಿದ್ದು ಇವಳಲ್ಲ, ಅಪ್ಪ.

ಅವರ ಮನೆಯಲ್ಲಿ ಅರ್ಜಿ ತುಂಬೋ ಕೆಲಸ ನಡೀತಿದೆ. ನಿಮ್ಮ ಮನೆಯಲ್ಲೂ ನಡೀತಿದ್ರೆ ಈ ಸಂಚಿಕೆಯನ್ನ ಅಪ್ಪ ಅಮ್ಮನಿಗೂ ಕೇಳಿಸಿ. ಕಾಲೇಜಲ್ಲಿ ಆ ಪ್ರಶ್ನೆಗಳಿಗೆ ಏನು ಉತ್ತರ ಸಿಕ್ತು ಅಂತ ವಾಯ್ಸ್ ಮೆಸೇಜ್ ಕಳಿಸಿ. ನಾನು ಕೂತು ಕೇಳ್ತೀನಿ.